ಹಳೆಯ ರೂಪಾಯಿಯಲ್ಲಿ ಬೆಳ್ಳಿ ಎಷ್ಟು?

ನಮ್ಮ ನಾಡಿನ ಅನೇಕ ಮನೆಗಳಲ್ಲಿ ದೇವರ ಪೆಟ್ಟಿಗೆಯ ತಳದಲ್ಲಿಯೋ ಅಜ್ಜಿಯ ಸೀರೆಯ ಮಡಿಕೆಗಳ ನಡುವೆಯೋ ನಾಲ್ಕಾರು ಹಳೆಯ ಬೆಳ್ಳಿಯ ರೂಪಾಯಿಗಳು ಇಂದಿಗೂ ಉಳಿದುಕೊಂಡಿವೆ. ಲಕ್ಷ್ಮೀಪೂಜೆಯ ದಿನ ಅವು ಹೊರಗೆ ಬಂದು, ಅರಿಸಿನ ಕುಂಕುಮ ಹಚ್ಚಿಸಿಕೊಂಡು, ಮತ್ತೆ ಒಳಗೆ ಸೇರುತ್ತವೆ. ಲಂಬಾಣಿ ಹೆಂಗಸರ ಆಭರಣಗಳಲ್ಲಿ ಇಂತಹ ನಾಣ್ಯಗಳನ್ನು ಸಾಲಾಗಿ ಪೋಣಿಸಿರುವುದನ್ನು ವಾಚಕರು ಕಂಡಿರಬಹುದು. ಕಷ್ಟಕಾಲ ಬಂದಾಗ ಮಾತ್ರ ಈ ರೂಪಾಯಿಗಳು ಅಂಗಡಿಯ ದಾರಿಯನ್ನು ಹಿಡಿಯುತ್ತವೆ. ಅಲ್ಲಿ ಅವುಗಳ ಮೇಲಿನ ರಾಜನ ಮುಖಕ್ಕಾಗಲಿ, ಕೆತ್ತಿದ ಅಕ್ಷರಗಳಿಗಾಗಲಿ ಸಾಮಾನ್ಯವಾಗಿ ಬೆಲೆಯಿಲ್ಲ. ಬೆಲೆಯೆಲ್ಲ ಒಳಗಿನ ಬೆಳ್ಳಿಗೆ.

ಕೆಲವು ಕಾಲದ ಹಿಂದೆ ನಮ್ಮ ಕಾಲೇಜಿನ ಒಬ್ಬ ವಿದ್ಯಾರ್ಥಿ ಕರವಸ್ತ್ರದಲ್ಲಿ ಕಟ್ಟಿದ ಇಪ್ಪತ್ತು ರೂಪಾಯಿಗಳನ್ನು ಪ್ರಯೋಗಶಾಲೆಗೆ ತಂದನು. ವಿದ್ಯಾರ್ಥಿನಿಲಯದ ಶುಲ್ಕಕ್ಕಾಗಿ ಅವನ ತಾಯಿ ಅವುಗಳನ್ನು ಮಾರಲು ನಿಶ್ಚಯಿಸಿದ್ದರು. ಒಂದು ಅಂಗಡಿಯಲ್ಲಿ ಅವುಗಳನ್ನು ನೋಡಿ, “ಎಲ್ಲವೂ ಬೆರಕೆ; ಒಟ್ಟಿಗೆ ತೂಗಿ ಅರ್ಧ ಬೆಳ್ಳಿಯೆಂದು ಲೆಕ್ಕ ಹಾಕುತ್ತೇವೆ” ಎಂದು ಹೇಳಿದ್ದರಂತೆ. ಮಾತು ನಿಜವೋ ಸುಳ್ಳೋ ಆ ಹುಡುಗನಿಗೆ ತಿಳಿಯದು. ನಾಣ್ಯಗಳ ಪೈಕಿ ಹಲವು ಸವೆದು, ಇಸವಿಯ ಅಂಕಿಗಳು ಅಳಿಸಿಹೋಗಿದ್ದವು. ಅವನ ಪ್ರಶ್ನೆ ಸರಳವಾಗಿತ್ತು: “ಇವುಗಳನ್ನು ಕತ್ತರಿಸದೆ, ಕರಗಿಸದೆ, ಆಮ್ಲ ಹಾಕದೆ, ಒಳಗೆ ಎಷ್ಟು ಬೆಳ್ಳಿಯಿದೆಯೆಂದು ತಿಳಿಯಬಹುದೆ?”

ತಿಳಿಯಬಹುದು. ಅದಕ್ಕೆ ಬೇಕಾದ ಸಾಮಗ್ರಿಯೆಂದರೆ ಒಂದು ತ್ರಾಸು, ಒಂದು ಲೋಟ ನೀರು ಮತ್ತು ಒಂದು ಗೇಣು ದಾರ. ಆದರೆ ತ್ರಾಸಿನ ಮಾತನ್ನು ಅರ್ಥಮಾಡಿಕೊಳ್ಳಬೇಕಾದರೆ ಆ ರೂಪಾಯಿಗಳು ಯಾವ ಯಾವ ಲೋಹಗಳಿಂದ, ಯಾವ ಕಾರಣದಿಂದ ಆದುವೆಂಬುದನ್ನು ಮೊದಲು ಅರಿಯಬೇಕು.

ನಾಣ್ಯಕ್ಕೆ ಎರಡು ಬೆಲೆಗಳು

ಪ್ರತಿಯೊಂದು ನಾಣ್ಯಕ್ಕೂ ಎರಡು ಬೆಲೆಗಳುಂಟು. ಅದರ ಮೇಲೆ ಅಚ್ಚೊತ್ತಿರುವುದು ಮುಖಬೆಲೆ. ಅದನ್ನು ಕರಗಿಸಿದರೆ ದೊರೆಯುವ ಲೋಹಕ್ಕೆ ಪೇಟೆಯಲ್ಲಿ ಸಲ್ಲುವುದು ಲೋಹಬೆಲೆ. ಮುಖಬೆಲೆಯನ್ನು ಸರಕಾರ ನಿರ್ಧರಿಸುತ್ತದೆ, ಲೋಹಬೆಲೆಯನ್ನು ಪೇಟೆ ನಿರ್ಧರಿಸುತ್ತದೆ. ಇವೆರಡೂ ಸದಾ ಒಂದೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

1835ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯು ತನ್ನ ಆಳ್ವಿಕೆಯ ಪ್ರದೇಶಗಳಿಗೆಲ್ಲ ಏಕರೂಪದ ರೂಪಾಯಿಯನ್ನು ಜಾರಿಗೆ ತಂದಿತು. ಅದರ ತೂಕ 180 ಗ್ರೇನುಗಳು. ಅದರಲ್ಲಿ ಹನ್ನೆರಡಕ್ಕೆ ಹನ್ನೊಂದು ಪಾಲು, ಎಂದರೆ 165 ಗ್ರೇನುಗಳು, ಅಪ್ಪಟ ಬೆಳ್ಳಿ. ಉಳಿದ ಒಂದು ಪಾಲು ತಾಮ್ರ. ಅಪ್ಪಟ ಬೆಳ್ಳಿ ಮೃದುವಾದ ಲೋಹವಾದುದರಿಂದ ಕೈಯಿಂದ ಕೈಗೆ ಓಡಾಡಿ ಬೇಗ ಸವೆಯುತ್ತದೆ. ಸ್ವಲ್ಪ ತಾಮ್ರ ಸೇರಿಸಿದರೆ ಅದು ಗಟ್ಟಿಯಾಗುತ್ತದೆ. ಈಗಿನ ಮಾನದಲ್ಲಿ ಹೇಳುವುದಾದರೆ ಆ ರೂಪಾಯಿಯ ತೂಕ 11.66 ಗ್ರಾಂ, ಅದರೊಳಗಿನ ಬೆಳ್ಳಿ 10.69 ಗ್ರಾಂ. ಆ ಕಾಲದಲ್ಲಿ ಕಲ್ಕತ್ತೆಯ ಟಂಕಸಾಲೆಯಲ್ಲಿ ಲೋಹಪರೀಕ್ಷಕನಾಗಿದ್ದವನು ಜೇಮ್ಸ್ ಪ್ರಿನ್ಸೆಪ್. ಅಶೋಕನ ಶಾಸನಗಳ ಬ್ರಾಹ್ಮೀಲಿಪಿಯನ್ನು ಓದಿ ಪ್ರಸಿದ್ಧನಾದ ಪ್ರಿನ್ಸೆಪ್ ಇವನೇ.

ಈ ರೂಪಾಯಿಯ ತೂಕವೇ ಒಂದು ತೊಲೆ. ಎಂಭತ್ತು ತೊಲೆಗೆ ಒಂದು ಪಕ್ಕಾ ಸೇರು. ಮೈಸೂರು ಸೀಮೆಯ ಕಚ್ಚಾ ಸೇರಿಗೆ ಇಪ್ಪತ್ತನಾಲ್ಕು ರೂಪಾಯಿಯ ತೂಕ. ಹೀಗೆ ನಮ್ಮ ಹಿರಿಯರ ಕೈಯಲ್ಲಿ ರೂಪಾಯಿಯು ಹಣವೂ ಆಗಿತ್ತು, ತೂಕದ ಬಟ್ಟೂ ಆಗಿತ್ತು. ಯಾರು ಬೇಕಾದರೂ ಬೆಳ್ಳಿಯನ್ನು ಟಂಕಸಾಲೆಗೆ ಒಯ್ದು, ಅಚ್ಚಿನ ಕೂಲಿಯನ್ನು ಕೊಟ್ಟು, ರೂಪಾಯಿಗಳನ್ನಾಗಿ ಮಾಡಿಸಿಕೊಳ್ಳಬಹುದಾಗಿತ್ತು. ಈ ಸ್ವಾತಂತ್ರ್ಯ ಇದ್ದಷ್ಟು ಕಾಲ ಮುಖಬೆಲೆಯೂ ಲೋಹಬೆಲೆಯೂ ಹೆಚ್ಚು ದೂರ ಸರಿಯಲು ಅವಕಾಶವಿರಲಿಲ್ಲ.

ಎರಡು ಬೆಲೆಗಳು ಅಗಲಿದ ಬಗೆ

1870ರ ದಶಕದಿಂದ ಲೋಕದ ಪೇಟೆಯಲ್ಲಿ ಬೆಳ್ಳಿಯ ಬೆಲೆ ಇಳಿಯತೊಡಗಿತು. ಅದರೊಡನೆ ರೂಪಾಯಿಯ ಬೆಲೆಯೂ ಕುಸಿಯಿತು. 1893ರಲ್ಲಿ ಸರಕಾರವು ಖಾಸಗಿ ಬೆಳ್ಳಿಯನ್ನು ಅಚ್ಚು ಹಾಕಿಕೊಡುವುದನ್ನು ನಿಲ್ಲಿಸಿತು. ಮುಂದೆ ರೂಪಾಯಿಗೆ 16 ಪೆನ್ಸ್ ಎಂಬ ವಿನಿಮಯದ ದರ ನೆಲೆಗೊಂಡಿತು. ಅಂದಿನಿಂದ ರೂಪಾಯಿಯು ತನ್ನೊಳಗಿನ ಬೆಳ್ಳಿಗಿಂತ ಹೆಚ್ಚು ಬೆಲೆಗೆ ನಡೆಯುವ ಸಂಕೇತನಾಣ್ಯವಾಯಿತು.

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಲಂಡನ್ ಪೇಟೆಯಲ್ಲಿ ಬೆಳ್ಳಿಯ ದರವನ್ನು ಹೇಳುತ್ತಿದ್ದುದು ಒಂದು ಔನ್ಸು ‘ಪ್ರಮಾಣಿತ’ ಬೆಳ್ಳಿಗೆ. ಇಂತಹ ಔನ್ಸಿನ 480 ಗ್ರೇನುಗಳಲ್ಲಿ 444 ಗ್ರೇನು ಅಪ್ಪಟ ಬೆಳ್ಳಿ. ಆದುದರಿಂದ 165 ಗ್ರೇನು ಬೆಳ್ಳಿಯುಳ್ಳ ರೂಪಾಯಿಯು 165/444, ಎಂದರೆ 0.3716 ಔನ್ಸಿಗೆ ಸಮ. ಬೆಳ್ಳಿಯ ದರ 27 ಪೆನ್ಸ್ ಇದ್ದರೆ ರೂಪಾಯಿಯೊಳಗಿನ ಬೆಳ್ಳಿಗೆ ಸುಮಾರು 10 ಪೆನ್ಸ್ ಬೆಲೆ. ಅದರ ವಿನಿಮಯದ ಬೆಲೆಯಾದರೋ 16 ಪೆನ್ಸ್. ಅದನ್ನು ಕರಗಿಸುವವನಿಗೆ ನಷ್ಟವೇ ಫಲ. ಆದರೆ ದರ 43 ಪೆನ್ಸನ್ನು ಮುಟ್ಟಿತೆಂದರೆ ಎರಡು ಬೆಲೆಗಳೂ ಸಮನಾಗುತ್ತವೆ. ಅದನ್ನು ಮೀರಿದರೆ, ಮೂಸೆಯು ತಿಜೋರಿಗಿಂತ ಲಾಭಕರವಾಗುತ್ತದೆ.

ಮೊದಲನೆಯ ಮಹಾಯುದ್ಧದ ಕಾಲದಲ್ಲಿ ನಡೆದುದು ಇದೇ. 1917ರಲ್ಲಿ ಬೆಳ್ಳಿಯ ದರ ಈ ಗಡಿಯನ್ನು ದಾಟಿತು. ರೂಪಾಯಿಗಳು ಪೇಟೆಯಿಂದ ಮಾಯವಾಗತೊಡಗಿದವು. ನಾಣ್ಯಗಳನ್ನು ಹಣವಾಗಿಯಲ್ಲದೆ ಬೇರಾವ ಉಪಯೋಗಕ್ಕೂ ತೆಗೆದುಕೊಳ್ಳಬಾರದೆಂದು ಅದೇ ವರ್ಷ ಸರಕಾರ ನಿಷೇಧಿಸಿತು; ವಿನಿಮಯದ ದರವನ್ನು ಏರಿಸಿತು; ಒಂದು ರೂಪಾಯಿಯ ಕಾಗದದ ನೋಟನ್ನು ಹೊರಡಿಸಿತು. ಆದರೂ ಬೆಳ್ಳಿ ಸಾಲದಾಯಿತು. 1918ರ ಏಪ್ರಿಲಿನಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನವು ಪಿಟ್‌ಮನ್ ಶಾಸನವೆಂಬ ಕಾನೂನನ್ನು ಮಾಡಿ, ತನ್ನ ಖಜಾನೆಯಲ್ಲಿದ್ದ ಬೆಳ್ಳಿಯ ಡಾಲರುಗಳನ್ನು ಕರಗಿಸಲು ಒಪ್ಪಿತು. ಸುಮಾರು 27 ಕೋಟಿ ಡಾಲರು ನಾಣ್ಯಗಳು ಹೀಗೆ ಕರಗಿದವು. ಅವುಗಳಿಂದ ಬಂದ ಬೆಳ್ಳಿಯಲ್ಲಿ ಹೆಚ್ಚಿನ ಭಾಗ, 20 ಕೋಟಿ ಔನ್ಸುಗಳಷ್ಟು, ಭಾರತದ ಟಂಕಸಾಲೆಗಳಿಗಾಗಿ ಬಂದಿತು. ಆ ವರ್ಷಗಳ ರೂಪಾಯಿಯೊಂದು ನಿಮ್ಮ ಮನೆಯಲ್ಲಿದ್ದರೆ, ಅದರೊಳಗಿನ ಬೆಳ್ಳಿಯು ಒಮ್ಮೆ ಅಮೆರಿಕದ ಡಾಲರಾಗಿದ್ದಿರಬಹುದು. 1920ರ ಫೆಬ್ರವರಿಯಲ್ಲಿ ದರವು 89½ ಪೆನ್ಸಿನ ಶಿಖರವನ್ನು ಮುಟ್ಟಿತು. ಆ ದಿನದ ದರದಂತೆ ಒಂದು ರೂಪಾಯಿಯ ಬೆಳ್ಳಿಗೆ 33 ಪೆನ್ಸ್!

ಎರಡನೆಯ ಮಹಾಯುದ್ಧದಲ್ಲಿ ಜನರು ಮತ್ತೆ ಕಾಗದವನ್ನು ಕೊಟ್ಟು ಬೆಳ್ಳಿಯನ್ನು ಬಚ್ಚಿಡತೊಡಗಿದರು. ಈ ಬಾರಿ ಸರಕಾರ ಬೇರೊಂದು ಮಾರ್ಗ ಹಿಡಿಯಿತು. 1940ರಲ್ಲಿ ರೂಪಾಯಿಯ ತೂಕವನ್ನು ಹಾಗೆಯೇ ಉಳಿಸಿ, ಅದರೊಳಗಿನ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ನೂರರಲ್ಲಿ 50 ಪಾಲು ಬೆಳ್ಳಿ, 40 ಪಾಲು ತಾಮ್ರ, 5 ಪಾಲು ನಿಕ್ಕಲ್, 5 ಪಾಲು ಸತು: ಇದೇ ಆ ಚತುರ್ಲೋಹ ಮಿಶ್ರಣ. ಹಳೆಯ ಉತ್ತಮ ರೂಪಾಯಿಗಳ ಚಲಾವಣೆಯನ್ನು 1941ರಿಂದ 1943ರೊಳಗೆ ಹಂತಹಂತವಾಗಿ ರದ್ದುಮಾಡಲಾಯಿತು. 1947ರಲ್ಲಿ ಬೆಳ್ಳಿಯೇ ಇಲ್ಲದ, ಶುದ್ಧ ನಿಕ್ಕಲಿನ ರೂಪಾಯಿ ಬಂದಿತು.

ಒಳ್ಳೆಯ ಹಣ, ಕೆಟ್ಟ ಹಣ ಎರಡೂ ಒಂದೇ ಮುಖಬೆಲೆಗೆ ನಡೆಯುವಲ್ಲಿ ಕೆಟ್ಟದ್ದು ಪೇಟೆಯಲ್ಲಿ ಉಳಿದು, ಒಳ್ಳೆಯದು ಪೆಟ್ಟಿಗೆಯನ್ನು ಸೇರುತ್ತದೆ. ಈ ನಿಯಮವು ಗ್ರೆಷಾಮನ ಹೆಸರಿನಿಂದ ಪ್ರಸಿದ್ಧವಾಗಿದೆ. ಭೂಮಿಯು ಸೂರ್ಯನನ್ನು ಸುತ್ತುತ್ತದೆಂದು ಸಾರಿದ ಕೊಪರ್ನಿಕಸನೂ 1520ರ ದಶಕದಲ್ಲಿಯೇ ನಾಣ್ಯಗಳ ಕುರಿತು ಬರೆಯುತ್ತ ಈ ಸಂಗತಿಯನ್ನು ಗುರುತಿಸಿದ್ದನು. ನಮ್ಮ ಅಜ್ಜಿಯರು ಇವರಿಬ್ಬರನ್ನೂ ಓದಿದವರಲ್ಲ. ಆದರೆ ಅವರ ಪೆಟ್ಟಿಗೆಗಳಲ್ಲಿ ಉಳಿದಿರುವ ನಾಣ್ಯಗಳೇ ಈ ನಿಯಮಕ್ಕೆ ಸಾಕ್ಷಿ.

ಒಂದೇ ಮುಖದ ಮೂರು ರೂಪಾಯಿಗಳು

ಹೀಗಾಗಿ ಇಂದು ಕೈಗೆ ಸಿಗುವ ಹಳೆಯ ರೂಪಾಯಿಗಳಲ್ಲಿ ಮುಖ್ಯವಾಗಿ ಮೂರು ಜಾತಿಗಳುಂಟು.

ಮೊದಲನೆಯದು ಉತ್ತಮ ಬೆಳ್ಳಿಯ ರೂಪಾಯಿ: 1835ರಿಂದ 1939ರವರೆಗಿನವು. ನಾಲ್ಕನೆಯ ವಿಲಿಯಂ, ವಿಕ್ಟೋರಿಯಾ ರಾಣಿ, ಏಳನೆಯ ಎಡ್ವರ್ಡ್, ಐದನೆಯ ಜಾರ್ಜ್ ಇವರ ಛಾಪಿನವೆಲ್ಲವೂ, ಆರನೆಯ ಜಾರ್ಜನ 1938 ಮತ್ತು 1939ರ ಇಸವಿಯವೂ ಈ ಜಾತಿಗೆ ಸೇರಿದವು. ಪ್ರತಿಯೊಂದರಲ್ಲಿಯೂ 10.69 ಗ್ರಾಂ ಬೆಳ್ಳಿ.

ಎರಡನೆಯದು ಅರ್ಧ ಬೆಳ್ಳಿಯ ರೂಪಾಯಿ: ಆರನೆಯ ಜಾರ್ಜನ 1940ರಿಂದ 1945ರವರೆಗಿನವು. ಪ್ರತಿಯೊಂದರಲ್ಲಿಯೂ 5.83 ಗ್ರಾಂ ಬೆಳ್ಳಿ.

ಮೂರನೆಯದು 1947ರ ನಿಕ್ಕಲ್ ರೂಪಾಯಿ. ಬೆಳ್ಳಿ ಸೊನ್ನೆ.

ಮೂರರ ತೂಕವೂ 11.66 ಗ್ರಾಂ. ಆರನೆಯ ಜಾರ್ಜನ ಮುಖವಾದರೋ ಮೂರು ಜಾತಿಗಳಲ್ಲಿಯೂ ಇದೆ! ಆದುದರಿಂದ ಬರಿಯ ತೂಕದಿಂದಾಗಲಿ, ಮುಖವನ್ನು ನೋಡಿಯಾಗಲಿ ನಿರ್ಣಯಿಸಲಾಗದು. ಇಸವಿ ಸ್ಪಷ್ಟವಾಗಿದ್ದರೆ ಅದೇ ಮೊದಲ ಮಾರ್ಗದರ್ಶಿ. ಅಂಚನ್ನೂ ಪರೀಕ್ಷಿಸಿರಿ. ಹಳೆಯ ರೂಪಾಯಿಯ ಅಂಚಿನಲ್ಲಿ ಬರಿಯ ಹಲ್ಲುಗೆರೆಗಳಿವೆ. 1940ರಿಂದೀಚಿನವುಗಳಲ್ಲಿ ಹಲ್ಲುಗೆರೆಗಳ ನಡುವೆ ಸುತ್ತಲೂ ಒಂದು ತೋಡು ಇದೆ. ಇದು ಖೋಟಾ ನಾಣ್ಯಗಾರರನ್ನು ತಡೆಯಲು ಮಾಡಿದ ಭದ್ರತೆಯ ಅಂಚು. ಆದರೆ ಸರದಲ್ಲಿ ಪೋಣಿಸಿ ಉಜ್ಜಿ ಸವೆದ ನಾಣ್ಯದಲ್ಲಿ ಇಸವಿಯೂ ಅಂಚೂ ಮಂಕಾಗಿರುತ್ತವೆ. ಇಸವಿಯನ್ನು ಸರಿಯಾಗಿ ಒತ್ತಿದ ಖೋಟಾ ನಾಣ್ಯಗಳೂ ಇಲ್ಲದಿಲ್ಲ. ಅಂತಹ ಸಂದರ್ಭದಲ್ಲಿ ಭೌತಶಾಸ್ತ್ರವೇ ನಮಗೆ ಶರಣು.

ನೀರು ಹೇಳುವ ಸಾಕ್ಷ್ಯ

ಆರ್ಕಿಮಿಡೀಸನ ನಿಯಮವು ಪ್ರೌಢಶಾಲೆಯ ವಿದ್ಯಾರ್ಥಿಗಳಿಗೆಲ್ಲ ಪರಿಚಿತವಾದುದೇ. ದ್ರವದಲ್ಲಿ ಮುಳುಗಿದ ವಸ್ತುವು ತಾನು ಪಲ್ಲಟಗೊಳಿಸಿದ ದ್ರವದ ತೂಕದಷ್ಟು ತೂಕವನ್ನು ಕಳೆದುಕೊಂಡಂತೆ ತೋರುತ್ತದೆ. ಒಂದು ಘನ ಸೆಂಟಿಮೀಟರು ನೀರಿನ ತೂಕ ಒಂದು ಗ್ರಾಂ ಆದುದರಿಂದ, ಎಷ್ಟು ಗ್ರಾಂ ತೂಕ ಕಡಿಮೆಯಾಯಿತೋ ಅಷ್ಟು ಘನ ಸೆಂಟಿಮೀಟರು ನಾಣ್ಯದ ಗಾತ್ರ. ತೂಕವನ್ನು ಗಾತ್ರದಿಂದ ಭಾಗಿಸಿದರೆ ಸಾಂದ್ರತೆ ದೊರೆಯಿತು.

ಬೆಳ್ಳಿಯ ಸಾಂದ್ರತೆ 10.49, ತಾಮ್ರದ್ದು 8.96, ನಿಕ್ಕಲಿನದು 8.91; ಸತುವಿನದು 7.14. ಹಗುರವಾದ ಲೋಹಗಳನ್ನು ಬೆರೆಸಿದಷ್ಟೂ ಅದೇ ತೂಕದ ನಾಣ್ಯವು ಹೆಚ್ಚು ಜಾಗವನ್ನು ಆಕ್ರಮಿಸುತ್ತದೆ, ಹೆಚ್ಚು ನೀರನ್ನು ದೂಡುತ್ತದೆ. ಬೆರಕೆಯಲ್ಲಿ ಪ್ರತಿಯೊಂದು ಲೋಹವೂ ತನ್ನ ಗಾತ್ರವನ್ನು ಉಳಿಸಿಕೊಳ್ಳುತ್ತದೆಂದು ಇಟ್ಟುಕೊಂಡರೆ (ಇದು ಬಹುಮಟ್ಟಿಗೆ ನಿಜ) ಲೆಕ್ಕ ಸುಲಭ. ಉತ್ತಮ ಬೆಳ್ಳಿಯ ರೂಪಾಯಿಯ ಒಂದು ಗ್ರಾಮಿನಲ್ಲಿ 11/12 ಗ್ರಾಂ ಬೆಳ್ಳಿ, 1/12 ಗ್ರಾಂ ತಾಮ್ರ. ಅವುಗಳ ಗಾತ್ರ ಕ್ರಮವಾಗಿ 0.0874 ಮತ್ತು 0.0093 ಘನ ಸೆಂಟಿಮೀಟರು, ಒಟ್ಟು 0.0967. ಆದುದರಿಂದ ಸಾಂದ್ರತೆ 10.34. ಇದೇ ಕ್ರಮದಲ್ಲಿ ಚತುರ್ಲೋಹದ ಸಾಂದ್ರತೆ 9.53 ಎಂದು ಬರುತ್ತದೆ. ಇದನ್ನು ವಿದ್ಯಾರ್ಥಿಗಳು ತಾವೇ ಮಾಡಿ ನೋಡತಕ್ಕದ್ದು.

ಈಗ 11.66 ಗ್ರಾಂ ತೂಕದ ನಾಣ್ಯವು ನೀರಿನಲ್ಲಿ ಕಳೆದುಕೊಳ್ಳುವ ತೂಕವನ್ನು ನೋಡಿರಿ:

ಉತ್ತಮ ಬೆಳ್ಳಿಯ ರೂಪಾಯಿ: 1.13 ಗ್ರಾಂ.
ಅರ್ಧ ಬೆಳ್ಳಿಯ ರೂಪಾಯಿ: 1.22 ಗ್ರಾಂ.
ನಿಕ್ಕಲ್ ರೂಪಾಯಿ: 1.31 ಗ್ರಾಂ.

ಒಂದು ಜಾತಿಗೂ ಮತ್ತೊಂದು ಜಾತಿಗೂ ಇರುವ ಅಂತರ ಸುಮಾರು ಒಂಬತ್ತು ಸೆಂಟಿಗ್ರಾಂ. ಕಣ್ಣಿಗೆ ಅಲ್ಪವಾದರೂ ಗ್ರಾಮಿನ ನೂರನೆಯ ಭಾಗವನ್ನು ತೋರಿಸುವ ತ್ರಾಸಿಗೆ ಇದು ಅಲ್ಪವಲ್ಲ. ಇಂದು ಸಣ್ಣ ವಿದ್ಯುನ್ಮಾನ ತ್ರಾಸುಗಳೂ ಇಷ್ಟನ್ನು ತೋರಿಸಬಲ್ಲವು.

ಇನ್ನೊಂದು ಅನುಕೂಲವನ್ನೂ ಗಮನಿಸಬೇಕು. ನಾಣ್ಯ ಸವೆದರೆ ಅದರ ತೂಕ ಕಡಿಮೆಯಾಗುತ್ತದೆ. ಗಾತ್ರವೂ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸಾಂದ್ರತೆ ಮಾತ್ರ ಬದಲಾಗದು. ರಾಜನ ಮೂಗು ಅಳಿದುಹೋದರೂ ಲೋಹವು ತನ್ನ ಗುಣವನ್ನು ಬಿಟ್ಟುಕೊಡುವುದಿಲ್ಲ.

ಪ್ರಯೋಗದ ಕ್ರಮ

ಮೊದಲು ನಾಣ್ಯವನ್ನು ಸಾಬೂನಿನ ನೀರಿನಲ್ಲಿ ತೊಳೆದು ಚೆನ್ನಾಗಿ ಒರೆಸಿ, ಒಣಗಿದ ಮೇಲೆ ತೂಗಿರಿ. ಇದು ಮೊದಲನೆಯ ಅಳತೆ.

ಬಳಿಕ ತ್ರಾಸಿನ ಮೇಲೆ ಅರ್ಧಕ್ಕಿಂತ ಹೆಚ್ಚು ನೀರಿರುವ ಲೋಟವನ್ನು ಇಟ್ಟು, ಅಂಕಿಯನ್ನು ಸೊನ್ನೆಗೆ ತನ್ನಿರಿ. ನಾಣ್ಯವನ್ನು ನವುರಾದ ದಾರದಿಂದ ಕಟ್ಟಿ, ಕೈಯಿಂದಲೋ ಒಂದು ಆಧಾರದಿಂದಲೋ ತೂಗುಬಿಟ್ಟು, ನೀರಿನಲ್ಲಿ ಪೂರ್ಣವಾಗಿ ಮುಳುಗಿಸಿರಿ. ಅದು ತಳವನ್ನಾಗಲಿ ಪಕ್ಕವನ್ನಾಗಲಿ ಮುಟ್ಟಕೂಡದು. ಈಗ ತ್ರಾಸು ತೋರಿಸುವ ಅಂಕಿಯೇ ಪಲ್ಲಟವಾದ ನೀರಿನ ತೂಕ. ನಾಣ್ಯದ ಭಾರವನ್ನು ದಾರ ಹೊತ್ತಿರುವಾಗ ತ್ರಾಸಿನ ಅಂಕಿ ಏಕೆ ಏರಬೇಕು? ನೀರು ನಾಣ್ಯವನ್ನು ಮೇಲಕ್ಕೆ ತಳ್ಳುತ್ತದೆ. ನ್ಯೂಟನನ ಮೂರನೆಯ ನಿಯಮದಂತೆ ನಾಣ್ಯವು ನೀರನ್ನು ಅಷ್ಟೇ ಬಲದಿಂದ ಕೆಳಕ್ಕೆ ತಳ್ಳುತ್ತದೆ. ಆ ಬಲವನ್ನೇ ತ್ರಾಸು ಅಳೆಯುತ್ತದೆ. ಈ ನ್ಯೂಟನನೇ 1696ರಲ್ಲಿ ಲಂಡನ್ನಿನ ಟಂಕಸಾಲೆಯ ಅಧಿಕಾರಿಯಾಗಿ ನೇಮಕಗೊಂಡು, ಅಂಚು ಕತ್ತರಿಸಿದ ಬೆಳ್ಳಿಯ ನಾಣ್ಯಗಳನ್ನು ಮರಳಿ ಅಚ್ಚು ಹಾಕಿಸುವ ಮಹಾಕಾರ್ಯದಲ್ಲಿ ತೊಡಗಿದ್ದನೆಂಬುದು ನೆನೆಯತಕ್ಕ ವಿಷಯ.

ನಾಣ್ಯಕ್ಕೆ ಅಂಟಿದ ಗಾಳಿಯ ಗುಳ್ಳೆಗಳನ್ನು ಅಲುಗಿಸಿ ಬಿಡಿಸಬೇಕು. ಇಲ್ಲವಾದರೆ ಅವು ಒಳ್ಳೆಯ ನಾಣ್ಯವನ್ನೂ ಕೆಟ್ಟದ್ದನ್ನಾಗಿ ತೋರಿಸುತ್ತವೆ. ಪ್ರತಿಯೊಂದು ನಾಣ್ಯವನ್ನೂ ಮೂರು ಬಾರಿ ಅಳೆದು ಸರಾಸರಿಯನ್ನು ತೆಗೆದುಕೊಳ್ಳುವುದು ಒಳಿತು. ಸರಕ್ಕೆ ಬೆಸೆದ ಕೊಂಡಿಯಿದ್ದರೆ ಕೊಂಡಿಯೂ ಬೆಸುಗೆಯೂ ಲೆಕ್ಕವನ್ನು ಕೆಡಿಸುತ್ತವೆಂಬುದನ್ನು ಮರೆಯಕೂಡದು.

ಗ್ರಾಮಿನ ಹತ್ತನೆಯ ಭಾಗವನ್ನು ಮಾತ್ರ ತೋರಿಸುವ ತ್ರಾಸು ಇದ್ದರೆ ನಿರಾಶರಾಗಬೇಕಾಗಿಲ್ಲ. ಹತ್ತು ನಾಣ್ಯಗಳನ್ನು ಒಟ್ಟಿಗೆ ಕಟ್ಟಿ ಮುಳುಗಿಸಿರಿ. ಹತ್ತೂ ಉತ್ತಮವಾಗಿದ್ದರೆ 11.3 ಗ್ರಾಂ, ಹತ್ತೂ ಅರ್ಧ ಬೆಳ್ಳಿಯವಾಗಿದ್ದರೆ 12.2 ಗ್ರಾಂ. ನಡುವಿನ ಅಂಕಿ ಬಂದರೆ ನಾಣ್ಯಗಳು ಕಲಸಿವೆಯೆಂದು ಅರ್ಥ. ಪ್ರತಿಯೊಂದು ಅರ್ಧ ಬೆಳ್ಳಿಯ ನಾಣ್ಯವೂ ಮೊತ್ತವನ್ನು 0.096 ಗ್ರಾಂ ಏರಿಸುತ್ತದೆ. ಆದರೆ ಯಾವುದು ಯಾವುದೆಂದು ಹೇಳಲು ಒಂದೊಂದನ್ನಾಗಿಯೇ ಪರೀಕ್ಷಿಸಬೇಕು.

ಇಪ್ಪತ್ತು ರೂಪಾಯಿಗಳ ಲೆಕ್ಕ

ಆ ವಿದ್ಯಾರ್ಥಿಯೂ ನಾವೂ ಒಂದು ಮಧ್ಯಾಹ್ನವೆಲ್ಲ ಕುಳಿತು ಇಪ್ಪತ್ತು ನಾಣ್ಯಗಳನ್ನೂ ಪರೀಕ್ಷಿಸಿದೆವು. ಅಂಕಿಗಳು ಮೂರು ಗುಂಪುಗಳಾಗಿ ಸ್ಪಷ್ಟವಾಗಿ ಬೇರ್ಪಟ್ಟವು. ಹನ್ನೊಂದು ಉತ್ತಮ ಬೆಳ್ಳಿಯವು, ಏಳು ಅರ್ಧ ಬೆಳ್ಳಿಯವು, ಎರಡು ನಿಕ್ಕಲಿನವು. ಸವೆತವನ್ನು ಬದಿಗಿಟ್ಟರೆ ಲೆಕ್ಕ ಹೀಗೆ: ಹನ್ನೊಂದು ನಾಣ್ಯಗಳಲ್ಲಿ 117.6 ಗ್ರಾಂ, ಏಳರಲ್ಲಿ 40.8 ಗ್ರಾಂ, ಎರಡರಲ್ಲಿ ಏನೂ ಇಲ್ಲ. ಒಟ್ಟು 158.4 ಗ್ರಾಂ ಬೆಳ್ಳಿ.

ಅಂಗಡಿಯವರು ಹೇಳಿದಂತೆ ಎಲ್ಲವನ್ನೂ ಅರ್ಧ ಬೆಳ್ಳಿಯೆಂದು ಎಣಿಸಿದ್ದರೆ, 233.2 ಗ್ರಾಂ ತೂಕಕ್ಕೆ 116.6 ಗ್ರಾಂ ಬೆಳ್ಳಿಯ ಬೆಲೆ ಮಾತ್ರ ದೊರೆಯುತ್ತಿತ್ತು. ವ್ಯತ್ಯಾಸ 41.8 ಗ್ರಾಂ, ಮೂರೂವರೆ ತೊಲೆಗೂ ಮೀರಿದ ಬೆಳ್ಳಿ. ಬೆಳ್ಳಿಯ ದರ ದಿನದಿನಕ್ಕೂ ಏರಿಳಿಯುವುದರಿಂದ ಅದನ್ನು ಹಣದಲ್ಲಿ ಹೇಳುವುದು ಬೇಡ. ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಬೆಳ್ಳಿಯು ಲೆಕ್ಕವಿಲ್ಲದೆ ಕೈಬಿಟ್ಟು ಹೋಗುತ್ತಿತ್ತೆಂಬುದಷ್ಟೇ ಸಾಕು. ಹಾಗೆಂದು “ಎಲ್ಲವೂ ಅಪ್ಪಟ ಬೆಳ್ಳಿ” ಎಂಬ ಮನೆಯವರ ನಂಬಿಕೆಯೂ ಸರಿಯಾಗಿರಲಿಲ್ಲ. ತ್ರಾಸು ಎರಡು ಕಡೆಯವರನ್ನೂ ತಿದ್ದಿತು.

ನೀರಿಗೆ ತಿಳಿಯದ ಸಂಗತಿಗಳು

ಯಾವ ಪರೀಕ್ಷೆಗೂ ಒಂದು ಎಲ್ಲೆಯುಂಟು. ಅದನ್ನು ಅರಿಯದೆ ಪರೀಕ್ಷೆಯನ್ನು ನಂಬುವುದು, ಪರೀಕ್ಷೆಯನ್ನೇ ಮಾಡದಿರುವುದಕ್ಕಿಂತ ಅಪಾಯಕರ.

ಮೊದಲನೆಯದಾಗಿ, ಅಳತೆಯ ದೋಷ. ಪಲ್ಲಟದ ನೀರಿನಲ್ಲಿ 0.01 ಗ್ರಾಂ ತಪ್ಪಾದರೆ ಸಾಂದ್ರತೆಯಲ್ಲಿ ಸುಮಾರು 0.1 ತಪ್ಪಾಗುತ್ತದೆ; ಬೆಳ್ಳಿಯ ಪ್ರಮಾಣದಲ್ಲಿ ಅದು ನೂರಕ್ಕೆ ಐದಾರು ಪಾಲಿನ ಸಂದೇಹವಾಗಿ ಬೆಳೆಯುತ್ತದೆ. ಆದುದರಿಂದ ಒಂದು ನಾಣ್ಯ 92 ಪಾಲಿನದೋ 88 ಪಾಲಿನದೋ ಎಂದು ಈ ರೀತಿಯಿಂದ ಹೇಳಲಾಗದು. 92 ಪಾಲಿನದೋ 50 ಪಾಲಿನದೋ ಎಂಬುದನ್ನು ಧೈರ್ಯವಾಗಿ ಹೇಳಬಹುದು.

ಎರಡನೆಯದಾಗಿ, ಸಾಂದ್ರತೆಯು ಲೋಹದ ಹೆಸರನ್ನು ಹೇಳುವುದಿಲ್ಲ. ಸೀಸದ ಸಾಂದ್ರತೆ 11.34, ತವರದ್ದು 7.29. ಸುಮಾರು 83 ಪಾಲು ಸೀಸಕ್ಕೆ 17 ಪಾಲು ತವರವನ್ನು ಸೇರಿಸಿ ನೋಡಿರಿ: ಸಾಂದ್ರತೆ ಸರಿಯಾಗಿ 10.34 ಬರುತ್ತದೆ! ಅಂತಹ ಖೋಟಾ ನಾಣ್ಯಕ್ಕೆ ಬೆಳ್ಳಿಯ ಮುಲಾಮು ಹಾಕಿದರೆ ನೀರು ಮೋಸಹೋಗುತ್ತದೆ. ಆದರೆ ಕಿವಿ ಮೋಸಹೋಗದು. ಬೆಳ್ಳಿಯ ನಾಣ್ಯವನ್ನು ಬೆರಳ ತುದಿಯ ಮೇಲೆ ನಿಲ್ಲಿಸಿ ಇನ್ನೊಂದು ನಾಣ್ಯದಿಂದ ತಟ್ಟಿದರೆ ದೀರ್ಘವಾದ ಗಂಟೆಯ ನಾದ ಬರುತ್ತದೆ. ಸೀಸದ ಬೆರಕೆಯು ‘ತಟ್’ ಎಂದು ಸುಮ್ಮನಾಗುತ್ತದೆ. ಮೃದುವಾದ ಸೀಸವು ಕಂಪನದ ಶಕ್ತಿಯನ್ನು ಬೇಗ ನುಂಗಿಬಿಡುವುದೇ ಇದಕ್ಕೆ ಕಾರಣ. ಹಿಂದಿನ ವರ್ತಕರು ರೂಪಾಯಿಯನ್ನು ಕಲ್ಲಿನ ಮೇಲೆ ಕುಟ್ಟಿ ಕೇಳುತ್ತಿದ್ದುದು ಬರಿಯ ಅಭ್ಯಾಸವಲ್ಲ, ಶಾಸ್ತ್ರಸಮ್ಮತವಾದ ಪರೀಕ್ಷೆ. ಆದರೆ ಬಿರುಕು ಬಿಟ್ಟ ನಿಜವಾದ ನಾಣ್ಯವೂ ನಾದವನ್ನು ಕಳೆದುಕೊಳ್ಳುತ್ತದೆಂಬುದು ನೆನಪಿರಲಿ.

ಮೂರನೆಯದಾಗಿ, ಅಯಸ್ಕಾಂತ. ನಿಕ್ಕಲ್ ಅಯಸ್ಕಾಂತಕ್ಕೆ ಅಂಟುತ್ತದೆ. 1947ರ ರೂಪಾಯಿಯನ್ನು ಕ್ಷಣಮಾತ್ರದಲ್ಲಿ ಬೇರ್ಪಡಿಸಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ. ಆದರೆ ಅಂಟದಿರುವುದೆಲ್ಲ ಬೆಳ್ಳಿಯಲ್ಲ. ತಾಮ್ರ, ಹಿತ್ತಾಳೆ, ಸೀಸ ಯಾವುದೂ ಅಂಟುವುದಿಲ್ಲ.

ಇಂದು ಕೆಲವು ಪರೀಕ್ಷಾಕೇಂದ್ರಗಳಲ್ಲಿ ಕ್ಷ-ಕಿರಣಗಳನ್ನು ಲೋಹದ ಮೇಲೆ ಬೀರಿ, ಅದು ಹೊರಸೂಸುವ ಕಿರಣಗಳಿಂದ ಧಾತುಗಳನ್ನು ಗುರುತಿಸುತ್ತಾರೆ. ಇದು ಲೋಹದ ಹೆಸರನ್ನೇ ಹೇಳುವ ಉತ್ಕೃಷ್ಟ ವಿಧಾನ. ಆದರೆ ಅದು ನೋಡುವುದು ಮೇಲಿನ ತೆಳ್ಳನೆಯ ಪದರವನ್ನು ಮಾತ್ರ. ತಾಮ್ರ ಬೆರೆತ ಹಳೆಯ ಬೆಳ್ಳಿಯ ನಾಣ್ಯಗಳಲ್ಲಿ ಮೇಲ್ಮೈಯ ತಾಮ್ರವು ಕ್ರಮೇಣ ಕರಗಿಹೋಗಿ, ಮೇಲ್ಪದರದಲ್ಲಿ ಬೆಳ್ಳಿಯ ಪ್ರಮಾಣ ಒಳಗಿಗಿಂತ ಹೆಚ್ಚಾಗಿ ಕಾಣುವುದುಂಟು. ನೀರಾದರೋ ನಾಣ್ಯದ ಇಡೀ ದೇಹವನ್ನು ಅಳೆಯುತ್ತದೆ. ಒಂದು ಪರೀಕ್ಷೆಯ ಕುರುಡನ್ನು ಮತ್ತೊಂದು ಪರೀಕ್ಷೆಯ ಕಣ್ಣು ತುಂಬಬೇಕು. ಸಾಂದ್ರತೆ, ನಾದ, ಅಯಸ್ಕಾಂತ, ಅಂಚು, ಇಸವಿ ಇವೆಲ್ಲವೂ ಒಂದೇ ಮಾತನ್ನು ಹೇಳಿದಾಗ ಸಂದೇಹಕ್ಕೆ ಎಡೆ ಅತ್ಯಲ್ಪ.

ವರ್ತಕನ ಲೆಕ್ಕವೂ ಒಂದುಂಟು

ಇಷ್ಟನ್ನು ತಿಳಿದ ಮೇಲೆ, ಬೆಳ್ಳಿಯ ಗ್ರಾಮಿಗೆ ಪತ್ರಿಕೆಯಲ್ಲಿ ಬಂದ ದರವನ್ನು ಪೂರ್ತಿಯಾಗಿ ಕೊಡದ ವರ್ತಕನೆಲ್ಲ ಮೋಸಗಾರನೆಂದು ಭಾವಿಸಬಾರದು. ಪತ್ರಿಕೆಯ ದರವು ಅಪ್ಪಟ ಬೆಳ್ಳಿಯ ಗಟ್ಟಿಗೆ ಸಲ್ಲತಕ್ಕದ್ದು. ನಾಣ್ಯದಿಂದ ಅಪ್ಪಟ ಬೆಳ್ಳಿಯನ್ನು ತೆಗೆಯಲು ಕರಗಿಸಬೇಕು, ಶೋಧಿಸಬೇಕು. ಈ ಕೆಲಸದಲ್ಲಿ ಸ್ವಲ್ಪ ಲೋಹ ನಷ್ಟವಾಗುತ್ತದೆ. ಉತ್ತಮ ರೂಪಾಯಿಯಲ್ಲಿ ಬೇರ್ಪಡಿಸಬೇಕಾದುದು ಸ್ವಲ್ಪ ತಾಮ್ರವನ್ನು ಮಾತ್ರ. ಚತುರ್ಲೋಹದಲ್ಲಾದರೋ ತಾಮ್ರ, ನಿಕ್ಕಲ್, ಸತು ಮೂರನ್ನೂ ಹೊರಹಾಕಬೇಕು. ಶ್ರಮವೂ ವೆಚ್ಚವೂ ಹೆಚ್ಚು. ಆದುದರಿಂದ ಅರ್ಧ ಬೆಳ್ಳಿಯ ನಾಣ್ಯದೊಳಗಿನ ಒಂದು ಗ್ರಾಂ ಬೆಳ್ಳಿಗೆ, ಉತ್ತಮ ನಾಣ್ಯದೊಳಗಿನ ಒಂದು ಗ್ರಾಮಿಗಿಂತ ಕಡಿಮೆ ಬೆಲೆ ಹೇಳಿದರೆ ಅದು ನ್ಯಾಯವೇ.

ಸರಕಾರವೂ ಈ ಶ್ರಮವನ್ನು ಪಟ್ಟಿದೆ. ಯುದ್ಧಕಾಲದಲ್ಲಿ ಅಮೆರಿಕವು ಸುಮಾರು 22.6 ಕೋಟಿ ಔನ್ಸು ಬೆಳ್ಳಿಯನ್ನು, ಬೆಳ್ಳಿಯಾಗಿಯೇ ಹಿಂತಿರುಗಿಸಬೇಕೆಂಬ ಕರಾರಿನ ಮೇಲೆ, ಭಾರತಕ್ಕೆ ಕೊಟ್ಟಿತ್ತು. 1957ರಲ್ಲಿ ತೀರಬೇಕಾಗಿದ್ದ ಈ ಸಾಲಕ್ಕಾಗಿ, ಹಿಂತೆಗೆದುಕೊಂಡ ಚತುರ್ಲೋಹ ನಾಣ್ಯಗಳನ್ನೇ ಕಲ್ಕತ್ತೆಯ ಅಲಿಪುರದಲ್ಲಿ ಶೋಧಿಸಿ ಬೆಳ್ಳಿಯನ್ನು ತೆಗೆಯಲಾಯಿತು.

ಮಾರುವವರು ಕೇಳಬೇಕಾದ ಪ್ರಶ್ನೆಗಳು ಎರಡು: ಎಷ್ಟು ಗ್ರಾಂ ಅಪ್ಪಟ ಬೆಳ್ಳಿಯೆಂದು ಎಣಿಸಿದಿರಿ? ಗ್ರಾಮಿಗೆ ಏನು ದರ ಹಾಕಿದಿರಿ? ಈ ಎರಡನ್ನೂ ಬೇರೆ ಬೇರೆಯಾಗಿ ಹೇಳಿಸಿಕೊಂಡರೆ, ಕಡಿತವು ಎಲ್ಲಿ ಆಗುತ್ತಿದೆಯೆಂಬುದು ತಾನಾಗಿ ಹೊರಬೀಳುತ್ತದೆ. ಮೊದಲನೆಯ ಪ್ರಶ್ನೆಗೆ ಉತ್ತರವನ್ನು ಭೌತಶಾಸ್ತ್ರ ಕೊಡುತ್ತದೆ. ಅದರಲ್ಲಿ ಚೌಕಾಸಿಗೆ ಅವಕಾಶವಿಲ್ಲ. ಚೌಕಾಸಿಯೆಲ್ಲ ಎರಡನೆಯದರಲ್ಲಿ ಮಾತ್ರ.

ಕರಗಿಸುವ ಮುನ್ನ

ಕೊನೆಯದಾಗಿ ಒಂದು ಎಚ್ಚರಿಕೆ. ಕೆಲವು ನಾಣ್ಯಗಳಿಗೆ ಮುಖಬೆಲೆ, ಲೋಹಬೆಲೆಗಳಲ್ಲದೆ ಮೂರನೆಯದೊಂದು ಬೆಲೆಯೂ ಇದೆ. 1939ರ ರೂಪಾಯಿ ಬಹು ವಿರಳ. 1911ರ ಐದನೆಯ ಜಾರ್ಜನ ರೂಪಾಯಿಯಲ್ಲಿ ರಾಜನ ಉಡುಪಿನ ಮೇಲಿನ ಆನೆಯು ಹಂದಿಯಂತೆ ಕಾಣುತ್ತದೆಂದು ಜನ ಆಕ್ಷೇಪಿಸಿದುದರಿಂದ, ಮರುವರ್ಷ ಅಚ್ಚನ್ನೇ ತಿದ್ದಬೇಕಾಯಿತು. ಇಂತಹವನ್ನು ಸಂಗ್ರಹಕಾರರು ಬೆಳ್ಳಿಯ ಬೆಲೆಗಿಂತ ಹೆಚ್ಚು ಕೊಟ್ಟು ಕೊಳ್ಳುತ್ತಾರೆ. ನೂರು ವರ್ಷ ತುಂಬಿದ ನಾಣ್ಯಗಳು 1972ರ ಶಾಸನದ ಪ್ರಕಾರ ಪ್ರಾಚ್ಯವಸ್ತುಗಳೆನಿಸಿಕೊಳ್ಳುತ್ತವೆ. ಅವುಗಳನ್ನು ಮನಬಂದಂತೆ ಪರದೇಶಕ್ಕೆ ಒಯ್ಯುವಂತಿಲ್ಲ. ಕರಗಿಸಿದ ಬೆಳ್ಳಿಯನ್ನು ಮತ್ತೆ ಅಚ್ಚು ಹಾಕಬಹುದು. ಕರಗಿಹೋದ ಇಸವಿಯನ್ನು ಮರಳಿ ಪಡೆಯಲಾಗದು.

ನಮ್ಮ ವಿದ್ಯಾರ್ಥಿಯು ಇಪ್ಪತ್ತು ನಾಣ್ಯಗಳ ಅಂಕಿಗಳನ್ನು ಒಂದು ಹಾಳೆಯಲ್ಲಿ ಬರೆದುಕೊಂಡು, ನಾಣ್ಯಗಳನ್ನು ಮೂರು ಕಾಗದದ ಪೊಟ್ಟಣಗಳಲ್ಲಿ ಬೇರೆ ಬೇರೆಯಾಗಿ ಕಟ್ಟಿ, ತಾಯಿಯೊಡನೆ ಇನ್ನೊಂದು ಅಂಗಡಿಗೆ ಹೋದನು. ಅಲ್ಲಿನ ಹಿರಿಯ ವರ್ತಕರು ಹಾಳೆಯನ್ನು ಓದಿ, ಪೊಟ್ಟಣಗಳನ್ನು ಬಿಚ್ಚಿ, ಒಂದೊಂದು ನಾಣ್ಯವನ್ನೂ ತಟ್ಟಿ ನಾದ ಕೇಳಿ, “ಲೆಕ್ಕ ಸರಿಯಾಗಿದೆ” ಎಂದರಂತೆ. ಹನ್ನೊಂದು ಉತ್ತಮ ರೂಪಾಯಿಗಳಲ್ಲಿ ಹತ್ತನ್ನು ಮಾರಿದರು. ಅರ್ಧ ಬೆಳ್ಳಿಯ ಏಳನ್ನೂ ಮಾರಿದರು. ಶುಲ್ಕಕ್ಕೆ ಅಷ್ಟು ಸಾಕಾಯಿತು. ಉಳಿದ ಒಂದು ರಾಣಿಛಾಪಿನ ರೂಪಾಯಿ, ಬೆಳ್ಳಿಯೇ ಇಲ್ಲದ ಎರಡು ನಿಕ್ಕಲ್ ರೂಪಾಯಿಗಳೊಡನೆ, ಮತ್ತೆ ದೇವರ ಪೆಟ್ಟಿಗೆಗೆ ಮರಳಿತು.